ಮೂವತ್ತು ಅಂಕದ ಹೃದಯ

ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರಾಗಿದ್ದವನು ನಾನು. ಎಷ್ಟೋ ಮಕ್ಕಳ ಉತ್ತರಪತ್ರಿಕೆಯ ಮೇಲೆ 30 ಎಂದು ಬರೆದು ಅಡಿಗೆ ಕೆಂಪು ಗೆರೆ ಎಳೆದಿದ್ದೇನೆ. ಎರಡು ವರ್ಷದ ಹಿಂದೆ ನನಗೇ 30 ಬಂತು. ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ಎಕೋ ಪರೀಕ್ಷೆ ಮಾಡಿ ಕೊಟ್ಟ ಕಾಗದದಲ್ಲಿತ್ತು ಆ ಅಂಕ. ಅರಸೀಕೆರೆಗೆ ವಾಪಸು ಬರುವ ರೈಲಿನಲ್ಲಿ ಅದನ್ನು ಬಿಡಿಸಿ ಓದಿದವಳು ನನ್ನ ಮೊಮ್ಮಗಳು ಪುಟ್ಟಿ. ಆಗ ಅವಳು ಆರನೇ ಕ್ಲಾಸು.

"ತಾತ, ಇದರಲ್ಲಿ ಹಾರ್ಟ್ ಫೇಲ್ಯೂರ್ ಅಂತ ಬರೆದಿದಾರೆ. ಮೂವತ್ತು ಪರ್ಸೆಂಟ್ ಅಂತೆ. ಪಾಸಾಗೋಕೆ ಮೂವತ್ತೈದು ಬೇಕಲ್ವಾ?"

ನಾನು ನಕ್ಕುಬಿಟ್ಟೆ. ಎದುರು ಸೀಟಿನಲ್ಲಿದ್ದ ನನ್ನಾಕೆ ನಗಲಿಲ್ಲ. ಹೊಳೆನರಸೀಪುರ ದಾಟುವವರೆಗೂ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದಳು. 'ಫೇಲ್' ಎಂಬ ಒಂದು ಶಬ್ದ ಅವಳ ಮನಸ್ಸನ್ನು ಹಿಡಿದುಕೊಂಡಿತ್ತು. "ಹಾರ್ಟ್ ಫೇಲಾಗಿ ಹೋದರು" ಎಂದು ನಮ್ಮ ಕಡೆ ಹೇಳುವುದು ಸತ್ತವರ ಬಗ್ಗೆ ತಾನೆ? ಈ ಕಾಯಿಲೆಗೆ ಈ ಹೆಸರಿಟ್ಟವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ನನ್ನ ಹೃದಯ ನಿಂತಿರಲಿಲ್ಲ, ದಣಿದಿತ್ತು. 'ಹೃದಯದ ಸುಸ್ತು' ಎಂದು ಬರೆದಿದ್ದರೆ ನಮ್ಮ ಮನೆಯಲ್ಲಿ ಒಂದು ವಾರದ ಅಳು ಉಳಿಯುತ್ತಿತ್ತು.

ಊರಿಗೆ ಬಂದ ಮೇಲೆ ತೆಂಗಿನ ತೋಟದ ಪಂಪ್‌ಸೆಟ್ಟಿನ ಮುಂದೆ ಪುಟ್ಟಿಯನ್ನು ಕೂರಿಸಿಕೊಂಡು ಪಾಠ ಮಾಡಿದೆ. ಹೃದಯ ಅವರವರ ಮುಷ್ಟಿಯಷ್ಟು ದೊಡ್ಡದು. ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ನಾವು ಸುಮ್ಮನೆ ಕೂತಿದ್ದರೂ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ. ಅದರ ಎಡಗಡೆಯ ಕೆಳಕೋಣೆ ಒಂದು ಸಲ ಹಿಂಡಿದಾಗ ಒಳಗಿರುವ ರಕ್ತವೆಲ್ಲ ಹೊರಗೆ ಹೋಗುವುದಿಲ್ಲ. ಗಟ್ಟಿಮುಟ್ಟಾದವರ ಹೃದಯ ಕೂಡ ನೂರರಲ್ಲಿ ಅರವತ್ತರಷ್ಟನ್ನು ತಳ್ಳಿ ಉಳಿದದ್ದನ್ನು ಒಳಗೇ ಇಟ್ಟುಕೊಳ್ಳುತ್ತದೆ. ಅಂದರೆ ಈ ಪರೀಕ್ಷೆಯಲ್ಲಿ ನೂರಕ್ಕೆ ನೂರು ತೆಗೆಯಬೇಕಾಗಿಯೇ ಇಲ್ಲ, ಫಸ್ಟ್ ಕ್ಲಾಸು ಬಂದರೆ ಸಾಕು. ನನ್ನದು ಅದರ ಅರ್ಧ.

ಪಂಪು ಸೊರಗಿದರೆ ಮುಂದೆ ಹೋಗಬೇಕಾದ ನೀರು ಹಿಂದೆ ನಿಲ್ಲುತ್ತದೆ. ಶ್ವಾಸಕೋಶದಲ್ಲಿ ನಿಂತರೆ ಉಬ್ಬಸ, ಕಾಲಿನಲ್ಲಿ ನಿಂತರೆ ಬಾವು. ಇಷ್ಟು ಸಾಲದು ಎಂದು ಮೂತ್ರಪಿಂಡಗಳು ಬೇರೆ ಎಡವಟ್ಟು ಮಾಡುತ್ತವೆ. ತಮಗೆ ಬರುವ ರಕ್ತ ಕಡಿಮೆಯಾಯಿತಲ್ಲ, ಮೈಯಲ್ಲಿ ನೀರೇ ಇಲ್ಲ ಎಂದು ತಿಳಿದು ಉಪ್ಪನ್ನೂ ನೀರನ್ನೂ ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತವೆ. ಬರಗಾಲ ಬಂತೆಂದು ತೂಬು ಮುಚ್ಚಿದ್ದಾರೆ, ಇತ್ತ ಕೆರೆ ಕೋಡಿ ಬೀಳುತ್ತಿದೆ. ಹಾಗೆ.

ನನಗೆ ಇದು ಹೇಗೆ ಬಂತು ಎಂದರೆ, ನನ್ನ ಜಂಬದಿಂದ. ಐದು ವರ್ಷದ ಹಿಂದೆ ಒಂದು ರಾತ್ರಿ ಎದೆಯುರಿ, ಬೆವರು ಬಂದಾಗ "ಗ್ಯಾಸು" ಎಂದು ಸೋಡಾ ಕುಡಿದು ಮಲಗಿದ್ದೆ. ಅದು ಹೃದಯಾಘಾತ. ಹೃದಯದ ಒಂದು ಭಾಗದ ಸ್ನಾಯು ಅವತ್ತೇ ಸತ್ತು ಗಾಯ ಕಟ್ಟಿತ್ತು. ಆಮೇಲೆ ಒಂದು ದಿಂಬು ಇದ್ದದ್ದು ಎರಡಾಯಿತು, ಎರಡು ಮೂರಾಯಿತು, ಅಂಗಾತ ಮಲಗಿದರೆ ಉಸಿರು ಕಟ್ಟುತ್ತಿತ್ತು. ಸಂಜೆಯ ಹೊತ್ತಿಗೆ ಚಪ್ಪಲಿಯ ಪಟ್ಟಿ ಪಾದಕ್ಕೆ ಕಚ್ಚುತ್ತಿತ್ತು. ಮೊಳಕಾಲ ಕೆಳಗೆ ಬೆರಳಿಟ್ಟು ಒತ್ತಿದರೆ ಒಬ್ಬಟ್ಟಿನ ಕಣಕದಲ್ಲಿ ಬಿದ್ದ ಹಾಗೆ ಗುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ವಯಸ್ಸಾಯಿತು ಎಂದುಕೊಂಡು ಸುಮ್ಮನಿದ್ದೆ. ಮೇಷ್ಟರಿಗೆ ಯಾರು ಪಾಠ ಹೇಳುತ್ತಾರೆ?

ಡಾಕ್ಟರು ಮಾತ್ರೆಗಳ ಜೊತೆಗೆ ನಾಲ್ಕು ಕೆಲಸ ಹೇಳಿ ಕಳಿಸಿದರು: ಉಪ್ಪು ಕಡಿಮೆ, ದಿನಕ್ಕೆ ಒಟ್ಟು ಒಂದೂವರೆ ಲೀಟರ್ ನೀರು, ದಿನಾ ಬೆಳಿಗ್ಗೆ ತೂಕ, ಸುಸ್ತಾಗದಷ್ಟು ನಡಿಗೆ. ನೀರಿನ ಲೆಕ್ಕ ನನ್ನ ಮೈಗೆ ಅವರು ಹೇಳಿದ್ದು, ಓದುವವರು ಅದನ್ನೇ ಹಿಡಿಯಬಾರದು. ಕೇಳಲು ನಾಲ್ಕೇ. ನಮ್ಮ ಮನೆಯ ಒಲೆ, ಚೊಂಬು, ಹಬ್ಬ, ನೆಂಟರು ಎಲ್ಲವೂ ಆ ನಾಲ್ಕರೊಳಗೆ ಬಂದುಬಿಟ್ಟವು.

ಮೊದಲು ಉಪ್ಪು. ಆರೋಗ್ಯವಾಗಿರುವವರೇ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸೊಸೆ ಒಂದು ವಾರ ನನಗೆ ಬೇರೆ ಪಾತ್ರೆಯಲ್ಲಿ ಸಪ್ಪೆ ಸಾರು ಮಾಡಿದಳು. ಆ ಪಾತ್ರೆ ನೋಡಿದರೇ ನನಗೆ ಊಟ ಸೇರುತ್ತಿರಲಿಲ್ಲ. ಅವಳೇ ಒಂದು ದಾರಿ ಹುಡುಕಿದಳು. ಇಡೀ ಮನೆಗೆ ಒಂದೇ ಅಡುಗೆ, ನನ್ನ ಅಳತೆಯ ಉಪ್ಪಿನಲ್ಲಿ. ಬೇಕಾದವರು ಎಲೆಯ ತುದಿಗೆ ಬಡಿಸಿಕೊಳ್ಳುವುದು. ಹುಣಸೆ, ನಿಂಬೆ, ಮೆಣಸು, ಕೊತ್ತಂಬರಿ, ಒಗ್ಗರಣೆಯ ಇಂಗು ಸ್ವಲ್ಪ ಮುಂದಾದರೆ ಉಪ್ಪು ಹಿಂದಾದದ್ದು ಅಷ್ಟು ಗೊತ್ತಾಗುವುದಿಲ್ಲ. ಕಳ್ಳರು ಬೇರೆ ಕಡೆ ಇದ್ದರು: ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಚಟ್ನಿಪುಡಿ, ಬೇಕರಿಯ ಬ್ರೆಡ್ಡು. 'ಸೋಡಿಯಂ ಕಡಿಮೆ' ಎಂದು ಬರೆದ ಉಪ್ಪಿನ ಪೊಟ್ಟಣವನ್ನು ಮಗ ತಂದಿದ್ದ. ಡಾಕ್ಟರು ಬೇಡವೆಂದರು. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ನನ್ನ ಮಾತ್ರೆಗಳಲ್ಲಿ ಒಂದೆರಡು ರಕ್ತದಲ್ಲಿ ಪೊಟ್ಯಾಸಿಯಂ ಏರಿಸುವಂಥವು, ಎರಡೂ ಸೇರಿದರೆ ಹೃದಯದ ಬಡಿತವೇ ತಪ್ಪಬಹುದಂತೆ. ಅದೇ ಕಾರಣಕ್ಕೆ ಎಳನೀರಿಗೂ ಕಡಿವಾಣ. ತೆಂಗಿನ ಸೀಮೆಯಲ್ಲಿ ಹುಟ್ಟಿ, ಸ್ವಂತ ಮರದ ಎಳನೀರನ್ನು ಪಕ್ಕದ ಮನೆಯವರು ಕುಡಿಯುವುದನ್ನು ನೋಡುತ್ತಾ ಕೂರುವುದು ಒಂದು ತಪಸ್ಸು.

ನೀರಿನ ಲೆಕ್ಕ ಪುಟ್ಟಿಯದು. ಕಾಫಿ, ಮಜ್ಜಿಗೆ, ಸಾರು, ಅಂಬಲಿ ಎಲ್ಲವೂ ನೀರೇ ಎಂದು ಡಾಕ್ಟರು ಹೇಳಿದ್ದರಲ್ಲ, ಅವಳು ದಿನಾ ಬೆಳಿಗ್ಗೆ ಒಂದೂವರೆ ಲೀಟರ್ ಅಳೆದು ಒಂದು ತಂಬಿಗೆಗೆ ತುಂಬಿಡುತ್ತಾಳೆ. ಬಾಯಾರಿದರೆ ನಾನು ಅದರಿಂದಲೇ ಕುಡಿಯಬೇಕು. ಕಾಫಿ ಕುಡಿದೆನೋ, ಅದೇ ಲೋಟದಷ್ಟು ನೀರನ್ನು ತಂಬಿಗೆಯಿಂದ ತೆಗೆದು ತುಳಸಿ ಗಿಡಕ್ಕೆ ಹಾಕಿ ಬರುತ್ತಾಳೆ. ತಂಬಿಗೆ ಖಾಲಿಯಾದರೆ ಆ ದಿನದ್ದು ಮುಗಿಯಿತು. ನಮ್ಮ ತುಳಸಿ ಈಗ ನನ್ನೆತ್ತರ ಬೆಳೆಯುವ ಯೋಚನೆಯಲ್ಲಿದೆ.

ಇನ್ನು ತೂಕ. ಎದ್ದು, ಶೌಚ ಮುಗಿಸಿ, ಕಾಫಿಗೆ ಮುಂಚೆ, ಅದೇ ಪಂಚೆ ಬನಿಯನ್ನಿನಲ್ಲಿ ಯಂತ್ರದ ಮೇಲೆ ನಿಲ್ಲಬೇಕು. ಒಂದು ಲೀಟರ್ ನೀರು ಒಂದು ಕೆ.ಜಿ. ತೂಗುತ್ತದೆ. ರಾತ್ರಿ ಬೆಳಗಾಗುವುದರೊಳಗೆ ಒಂದು ಕೆ.ಜಿ. ಕೊಬ್ಬು ಯಾರ ಮೈಗೂ ಹತ್ತುವುದಿಲ್ಲ, ಆದ್ದರಿಂದ ಏರಿದ್ದು ನೀರು. ಮೂರು ದಿನದಲ್ಲಿ 2 ಕೆ.ಜಿ. ಏರಿದರೆ ಕಾಲು ಊದುವವರೆಗೆ ಕಾಯದೆ ಫೋನ್ ಮಾಡಿ ಎಂದಿದ್ದರು. ಪುಟ್ಟಿ ಒಂದು ನೋಟುಬುಕ್ಕಿಗೆ ಗೆರೆ ಹಾಕಿದಳು: ತಾರೀಖು, ತೂಕ, ಮಾತ್ರೆ, ಕಾಲು ಬಾವು, ಕೊನೆಗೆ 'ವಿಶೇಷ' ಎಂದು ಒಂದು ಕಾಲಂ. ಆ ಕೊನೆಯದು ಯಾಕೆಂದು ಕೇಳಿದ್ದಕ್ಕೆ, "ನಮ್ಮ ಸ್ಕೂಲ್ ಡೈರೀಲಿ ಇದೆ" ಅಂದಳು.

ನೀರಿನ ಮಾತ್ರೆಯದು ಇನ್ನೊಂದು ಪುರಾಣ. ಅದನ್ನು ನುಂಗಿದ ಮೇಲೆ ಎರಡು ಮೂರು ಗಂಟೆ ಬಚ್ಚಲು ಬಿಟ್ಟು ದೂರ ಹೋಗುವಂತಿಲ್ಲ. ಮದುವೆಗೆ ಹೋಗುವ ದಿನ, ಬಸ್ಸು ಹತ್ತುವ ದಿನ ನಾನು ಅದನ್ನು ಜೇಬಿನಲ್ಲೇ ಇಟ್ಟುಕೊಂಡು ನುಂಗಿದೆ ಅನ್ನುತ್ತಿದ್ದೆ. ತಪ್ಪಿಸಬೇಡಿ, ಪ್ರಯಾಣದ ದಿನ ಊರು ತಲುಪಿದ ಮೇಲೆ ತೆಗೆದುಕೊಳ್ಳಬಹುದು ಎಂದು ಡಾಕ್ಟರು ಆಮೇಲೆ ಹೇಳಿದರು. ಮೊದಲೇ ಕೇಳಿದ್ದರೆ ಮೊದಲೇ ಹೇಳುತ್ತಿದ್ದರು. ಈಗ ಮೈಸೂರಿಗೆ ರೈಲಿನಲ್ಲೇ ಹೋಗುತ್ತೇವೆ, ಶೌಚಾಲಯವಾದರೂ ಇರುತ್ತದೆ.

ನೋಡಲು ಬಂದವರೆಲ್ಲ ಒಂದೊಂದು ಔಷಧಿ ಹೇಳಿ ಹೋಗುತ್ತಿದ್ದರು. ಬಾರ್ಲಿ ನೀರು, ಬಾಳೆದಿಂಡಿನ ರಸ, ಬೂದುಗುಂಬಳದ ರಸ. ಮನೆಮದ್ದನ್ನು ನಾನು ಹೀಗಳೆಯುವವನಲ್ಲ. ಇಂಗ್ಲೆಂಡಿನಲ್ಲಿ ಇಂಥ ಬಾವಿಗೆ ಒಬ್ಬ ಮುದುಕಿ ಇಪ್ಪತ್ತಕ್ಕೂ ಹೆಚ್ಚು ಗಿಡಮೂಲಿಕೆ ಸೇರಿಸಿ ಕಷಾಯ ಕೊಡುತ್ತಿದ್ದಳಂತೆ. ವಿಲಿಯಂ ವಿದರಿಂಗ್ ಎಂಬ ವೈದ್ಯ 1775ರಲ್ಲಿ ಅದರ ಬಗ್ಗೆ ತಿಳಿದು, ಕೆಲಸ ಮಾಡುತ್ತಿರುವುದು ಫಾಕ್ಸ್‌ಗ್ಲವ್ ಎಂಬ ಒಂದೇ ಗಿಡದ ಎಲೆ ಎಂದು ಗುರುತಿಸಿದ. ಹತ್ತು ವರ್ಷ ರೋಗಿಗಳಿಗೆ ಕೊಟ್ಟು, ಎಷ್ಟು ಕೊಟ್ಟರೆ ಗುಣ ಎಷ್ಟು ಕೊಟ್ಟರೆ ವಿಷ ಎಂದು ಬರೆದಿಟ್ಟು 1785ರಲ್ಲಿ ಪುಸ್ತಕ ಮಾಡಿದ. ಆ ಜಾತಿಯ ಗಿಡದಿಂದ ಬಂದ ಡಿಗಾಕ್ಸಿನ್ ಮಾತ್ರೆಯನ್ನು ಇವತ್ತಿಗೂ ಕೆಲವರಿಗೆ ಕೊಡುತ್ತಾರೆ. ಅಜ್ಜಿಯ ಕಷಾಯ ಔಷಧಿಯಾದದ್ದು ಅಳತೆಯಿಂದ, ಬರವಣಿಗೆಯಿಂದ. ನಮ್ಮ ನೆಂಟರ ರಸಗಳಿಗೆ ಅಳತೆಯೂ ಇರಲಿಲ್ಲ, ನನ್ನ ತಂಬಿಗೆಯಲ್ಲಿ ಜಾಗವೂ ಇರಲಿಲ್ಲ.

ಇಷ್ಟೆಲ್ಲ ಸರಿಯಾಗಿ ನಡೆಯುತ್ತಿತ್ತು ಎಂದುಕೊಂಡಿರಾ? ನಡೆಯುತ್ತಿತ್ತು, ಆದರೆ ಮನೆ ಪೊಲೀಸ್ ಠಾಣೆಯಾಗಿತ್ತು. ನನ್ನಾಕೆ ಇನ್‌ಸ್ಪೆಕ್ಟರ್, ನಾನು ಕಳ್ಳ. ಅಡುಗೆಮನೆ ಕಡೆ ಹೆಜ್ಜೆ ಇಟ್ಟರೆ "ಏನ್ರೀ ಬೇಕು?" ಎಂಬ ದನಿ ಬರುತ್ತಿತ್ತು. ಆ ದನಿ ಕೇಳಿದರೆ, ಏನೂ ಬೇಡದಿದ್ದರೂ ಏನಾದರೂ ಕದಿಯೋಣ ಅನಿಸುತ್ತಿತ್ತು.

ಹೋದ ವರ್ಷದ ಗೌರಿ ಗಣೇಶ ಹಬ್ಬ. ಪೂಜೆಗೆ ನೆಲದ ಮೇಲೆ ಕೂತು ನನ್ನ ಮಂಡಿ ಹಿಡಿದುಕೊಂಡಿತು. ನನ್ನಾಕೆ ತನ್ನ ಮಂಡಿನೋವಿಗೆಂದು ಔಷಧಿ ಅಂಗಡಿಯಿಂದ ತಂದಿಟ್ಟುಕೊಂಡಿದ್ದ ಮಾತ್ರೆ ಕೊಟ್ಟಳು. "ಎರಡು ದಿನ ತಗೊಳ್ಳಿ, ನನಗೆ ಚೆನ್ನಾಗಿ ಕೇಳುತ್ತೆ." ನೋವು ನಿಂತಿತು, ನಾಲ್ಕು ದಿನ ತೆಗೆದುಕೊಂಡೆ. ಅದೇ ಹಬ್ಬದಲ್ಲಿ ಬೀಗರ ಮನೆಯಿಂದ ಮಿಡಿ ಮಾವಿನ ಉಪ್ಪಿನಕಾಯಿ ಬಂದಿತ್ತು. ಎರಡು ಮಿಡಿ ತಿಂದೆ. ಯಾರೂ ನೋಡಲಿಲ್ಲ ಎಂದುಕೊಂಡೆ.

ನೋಟುಬುಕ್ಕಿನಲ್ಲಿ ಆ ನಾಲ್ಕು ದಿನ ಹೀಗಿದೆ: 61.2, 61.8, 62.6, 63.9. ಮೂರನೆಯ ದಿನವೇ ಪುಟ್ಟಿ, "ತಾತ, ತೂಕ ಏರ್ತಾ ಇದೆ" ಅಂದಳು. ನನ್ನಾಕೆ ನೇರ ಹೋಗಿ ಉಪ್ಪಿನಕಾಯಿ ಭರಣಿ ನೋಡಿ ಬಂದಳು. "ತಿಂದಿದ್ದೀರಿ ತಾನೆ?" ನಾನು ತಿಂದಿದ್ದರಿಂದಲೇ ಜೋರಾಗಿ ಕೂಗಾಡಿದೆ. ನನ್ನ ಮನೆಯಲ್ಲಿ ನನಗೇ ಮರ್ಯಾದೆ ಇಲ್ಲ ಎಂದೆ. ಅವಳು, ನಿಮಗೆ ಬೇಡದ ಜೀವದ ಚಿಂತೆ ನನಗ್ಯಾಕೆ ಎಂದಳು. ಅಲ್ಲಿಗೆ ಮಾತು ನಿಂತಿತು. ಪುಟ್ಟಿ ಮಾರನೆಯ ಬೆಳಿಗ್ಗೆ 63.9 ಎಂದು ಬರೆದು, ನನ್ನ ಮುಖ ನೋಡಿ, ಅಜ್ಜಿಯ ಮುಖ ನೋಡಿ, ಪುಸ್ತಕ ಮುಚ್ಚಿಟ್ಟು ಸ್ಕೂಲಿಗೆ ಹೋದಳು. ಬರೆಯುವವಳು ಬರೆಯುತ್ತಿದ್ದಳು, ಓದುವವರು ಯಾರೂ ಇರಲಿಲ್ಲ.

ಅವತ್ತು ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ಉಸಿರು ಒಳಗೆ ಹೋಗುತ್ತಿಲ್ಲ. ಕೆಮ್ಮಿದರೆ ನೊರೆ. ಎದ್ದು ಕೂತು ಮಂಚದ ಅಂಚು ಹಿಡಿದುಕೊಂಡೆ. ನೀರಿನೊಳಗೆ ಮುಳುಗುವವನಿಗೆ ಹೇಗಾಗುತ್ತದೆ ಎಂದು ನನಗೆ ಈಗ ಗೊತ್ತು, ನಾನು ಒಳಗಿನಿಂದ ಮುಳುಗುತ್ತಿದ್ದೆ. ಎರಡು ದಿನದಿಂದ ಮಾತಾಡದ ನನ್ನಾಕೆ ಬೆನ್ನಿಗೆ ತನ್ನ ಬೆನ್ನು ಕೊಟ್ಟು ಕೂತಳು, ಒರಗಲಿ ಎಂದು. ಮಗ 108ಕ್ಕೆ ಫೋನ್ ಮಾಡಿದ. ಆಕ್ಸಿಜನ್ ಹಾಕಿ, ನೀರು ಇಳಿಸುವ ಇಂಜೆಕ್ಷನ್ ಕೊಟ್ಟರು. ಬೆಳಗಾಗುವುದರೊಳಗೆ ಚೀಲಗಟ್ಟಲೆ ಮೂತ್ರ ಹೋಗಿ ಉಸಿರು ಹದಕ್ಕೆ ಬಂತು. ಐದು ದಿನ ಅಲ್ಲೇ ಇದ್ದೆ.

"ಹೊಸದಾಗಿ ಯಾವುದಾದರೂ ಮಾತ್ರೆ ತಗೊಂಡಿರಾ?" ಎಂದು ಡಾಕ್ಟರು ಕೇಳಿದರು. ಇಬ್ಬರೂ ಇಲ್ಲವೆಂದು ತಲೆಯಾಡಿಸಿದೆವು. ಮಂಡಿನೋವಿನ ಮಾತ್ರೆ ಕೂಡ ಮಾತ್ರೆ ಎಂದು ನಮಗೆ ಹೊಳೆಯಲೇ ಇಲ್ಲ. ಮಗ ತಂದಿದ್ದ ನೋಟುಬುಕ್ಕನ್ನು ಡಾಕ್ಟರು ತಿರುವಿದರು. 'ವಿಶೇಷ' ಕಾಲಂನಲ್ಲಿ ಪುಟ್ಟಿಯ ಗುಂಡು ಅಕ್ಷರ: "ತಾತನಿಗೆ ಮಂಡಿ ನೋವು. ಅಜ್ಜಿ ತನ್ನ ಮಾತ್ರೆ ಕೊಟ್ಟರು."

ಡೈಕ್ಲೋಫಿನಾಕ್, ಐಬುಪ್ರೊಫೆನ್ ಮುಂತಾದ ನೋವಿನ ಮಾತ್ರೆಗಳು ಮೂತ್ರಪಿಂಡ ಉಪ್ಪು ನೀರನ್ನು ಹಿಡಿದಿಟ್ಟುಕೊಳ್ಳುವಂತೆ ಮಾಡುತ್ತವೆ, ನೀರಿನ ಮಾತ್ರೆಯ ಕೆಲಸವನ್ನೂ ಕೆಡಿಸುತ್ತವೆ ಎಂದು ಅವರು ಬಿಡಿಸಿ ಹೇಳಿದರು. ಹೃದಯ ಸೊರಗಿದವರು ಅವನ್ನು ಕೇಳದೆ ಮುಟ್ಟಬಾರದು. ಎರಡು ಮಿಡಿ ಉಪ್ಪಿನಕಾಯಿ ಒಳ್ಳೆಯದಲ್ಲ, ಆದರೆ ಇಷ್ಟು ನೀರು ತುಂಬಿಸಿದ್ದರಲ್ಲಿ ದೊಡ್ಡ ಪಾಲು ಮಾತ್ರೆಯದೇ.

ಉಪ್ಪಿನ ಚಮಚ ಹಿಡಿದು ನನ್ನನ್ನು ಒಂದು ವರ್ಷ ಕಾದವಳು, ಆ ಮಾತು ಕೇಳಿ ಗೋಡೆಗೆ ಒರಗಿ ನಿಂತುಬಿಟ್ಟಳು. ನನಗೆ ಗೆದ್ದೆ ಅನಿಸಬೇಕಿತ್ತು, ಅನಿಸಲಿಲ್ಲ. "ನಾನು ಉಪ್ಪಿನಕಾಯೀನೂ ತಿಂದಿದ್ದೆ" ಎಂದೆ. "ಗೊತ್ತು" ಅಂದಳು. "ಭರಣಿ ಮುಚ್ಚಳ ನೀವು ಯಾವತ್ತು ಸರಿಯಾಗಿ ಹಾಕಿದ್ದೀರಿ?"

ಮನೆಗೆ ಬಂದ ದಿನ ಪುಟ್ಟಿ ನನ್ನ ಹತ್ತಿರ ಬರಲೇ ಇಲ್ಲ. ರಾತ್ರಿ ಮೆಲ್ಲಗೆ ಬಂದು, "ನಾನು ಜೋರಾಗಿ ಹೇಳಬೇಕಿತ್ತಾ ತಾತ?" ಎಂದು ಕೇಳಿದಳು. ಐದು ದಿನ ಆ ಮಗು ಅದನ್ನು ಹೊತ್ತುಕೊಂಡು ತಿರುಗಿದೆ! ನೀನು ಹೇಳಿದ್ದೆ, ಬರೆದೂ ಇದ್ದೆ, ಕೇಳದವರು ದೊಡ್ಡವರು ಎಂದು ಎಷ್ಟು ಸಲ ಹೇಳಿದರೂ ನನಗೆ ಸಾಲದು ಅನಿಸಿತು. ಅದಕ್ಕೆ ಒಂದು ಕಾನೂನು ಮಾಡಿದೆವು. ದಿನಾ ಕಾಫಿಯ ಹೊತ್ತಿಗೆ ನೋಟುಬುಕ್ಕನ್ನು ನಾನೇ ಗಟ್ಟಿಯಾಗಿ ಓದಬೇಕು, ಎಲ್ಲರೂ ಕೇಳಬೇಕು. 63ರ ಹತ್ತಿರ ಒಂದು ಕೆಂಪು ಗೆರೆ ಇದೆ. ಮೂರು ದಿನದಲ್ಲಿ 2 ಕೆ.ಜಿ. ಏರಿದರೂ ಸರಿ, ಗೆರೆ ದಾಟಿದರೂ ಸರಿ, ಮನೆಯಲ್ಲಿ ಯಾರು ಬೇಕಾದರೂ, ಪುಟ್ಟಿಯೂ, ಆಸ್ಪತ್ರೆಗೆ ಫೋನ್ ಮಾಡಬಹುದು. ಜಗಳ ಏನಿದ್ದರೂ ಫೋನ್ ಆದ ಮೇಲೆ. ಮಾತ್ರೆಗಳ ಡಬ್ಬಿ ಈಗ ನನ್ನ ಜವಾಬ್ದಾರಿ, ವಾರದ ಏಳು ದಿನಕ್ಕೆ ನಾನೇ ತುಂಬುತ್ತೇನೆ. ನನ್ನಾಕೆ ಕೆಲಸದಿಂದ ಬಿಡುಗಡೆಯಾದ ಇನ್‌ಸ್ಪೆಕ್ಟರ್.

ಅವಳ ಬಗ್ಗೆ ಇನ್ನೂ ಒಂದು ಮಾತು ಹೇಳಬೇಕು. ಆಸ್ಪತ್ರೆಯ ಐದು ದಿನದಲ್ಲಿ ಒಂದು ಸಂಜೆ ತಲೆ ಸುತ್ತುತ್ತದೆ ಎಂದಳು. ನರ್ಸಮ್ಮ ಬಿ.ಪಿ. ನೋಡಿದರೆ ಮೇಲಿನದು 170. ತನ್ನ ಬಿ.ಪಿ. ಮಾತ್ರೆ ಮುಗಿದು ಮೂರು ವಾರವಾಗಿತ್ತಂತೆ. ನನ್ನ ಮಾತ್ರೆ ಒಂದು ದಿನ ತಪ್ಪಿದರೆ ಆಕಾಶ ತಲೆಯ ಮೇಲೆ ಬೀಳಿಸುವವಳು! ರಾತ್ರಿ ನಾನು ಉಸಿರಾಡುತ್ತಿದ್ದೇನೋ ಇಲ್ಲವೋ ಎಂದು ಎಣಿಸುತ್ತಾ ಒಂದು ವರ್ಷದಿಂದ ಸರಿಯಾಗಿ ಮಲಗಿಯೇ ಇಲ್ಲ ಎಂದು ಆಗ ಬಾಯಿ ಬಿಟ್ಟಳು. ಕಾಯಿಲೆ ನನಗೊಬ್ಬನಿಗೇ ಬಂದಿದೆ ಎಂದುಕೊಂಡು ನಾನು ಗೊರಕೆ ಹೊಡೆಯುತ್ತಿದ್ದೆ.

ಈಗ ಶನಿವಾರ ಸಂಜೆ ಅವಳಿಗೆ ರಜೆ, ಭಜನೆಗೆ ಹೋಗುತ್ತಾಳೆ. ಸೊಸೆ ಮನೆಯಲ್ಲಿರುತ್ತಾಳೆ. ಮೊದಲ ಶನಿವಾರ ಮೂರು ಸಲ ಫೋನ್ ಮಾಡಿದಳು, ಹೋದ ವಾರ ಒಂದು ಸಲವೂ ಮಾಡಲಿಲ್ಲ. ನನಗೆ ಸ್ವಲ್ಪ ಬೇಸರವೇ ಆಯಿತು. ಮೈಸೂರಿನ ಓಡಾಟ ಮಗನದು. ಸಂಜೆ ಇಬ್ಬರೂ ಮಾತಾಡಿಕೊಂಡು ನಡೆಯುತ್ತೇವೆ. ನಡೆಯುವಾಗ ಮಾತಾಡಲು ಉಸಿರು ಸಾಲದಿದ್ದರೆ ನಿಲ್ಲಬೇಕು ಎಂಬುದು ಲೆಕ್ಕ. ಅಂಥದ್ದೇ ಒಂದು ಸಂಜೆ, ಪಾಸ್‌ಬುಕ್ಕು ಎಲ್ಲಿದೆ, ತೋಟದ ಪಹಣಿ ಎಲ್ಲಿದೆ, ನಾಳೆ ಏನಾದರೂ ಆದರೆ ಯಾರನ್ನು ಕೇಳಬೇಕು ಎಂದು ಅವಳಿಗೆ ಹೇಳಿದೆ. ಹಿಂದೆ ಆ ಮಾತೆತ್ತಿದರೆ "ಬಿಡ್ತು ಅನ್ನಿ" ಎನ್ನುತ್ತಿದ್ದಳು. ಅವತ್ತು ಪೂರ್ತಿ ಕೇಳಿಸಿಕೊಂಡು, "ಚಿಕ್ಕ ಬೀರುವಿನ ಬೀಗದ ಕೈ ಯಾವುದು?" ಎಂದು ಕೇಳಿದಳು.

ನೋಟುಬುಕ್ಕಿನಲ್ಲಿ ಈಗ ಎರಡು ಕಾಲಂ ಹೆಚ್ಚಾಗಿವೆ: 'ಅಜ್ಜಿ ಬಿ.ಪಿ. ಮಾತ್ರೆ' ಮತ್ತು 'ಅಜ್ಜಿ ನಿದ್ದೆ'. ಇವತ್ತಿನ ಲೆಕ್ಕದಲ್ಲಿ ಅಜ್ಜಿ ಆರು ಗಂಟೆ ಮಲಗಿದ್ದಾಳೆ. ನಾನು 60.9.

ಹೋದ ತಿಂಗಳು ಮತ್ತೆ ಎಕೋ ಆಯಿತು. 38 ಬಂದಿದೆ. ಮಾತ್ರೆಗಳು ಕೆಲಸ ಮಾಡುತ್ತಿವೆ, ಚೆನ್ನಾಗಿದ್ದೇನೆಂದು ಒಂದನ್ನೂ ನಿಲ್ಲಿಸಬೇಡಿ ಎಂದರು ಡಾಕ್ಟರು. ರೈಲಿನಲ್ಲಿ ಪುಟ್ಟಿ ಕಾಗದ ಬಿಡಿಸಿ ನೋಡಿ, "ತಾತ ಪಾಸ್!" ಎಂದು ಕೂಗಿದಳು. ಬೋಗಿಯವರೆಲ್ಲ ತಿರುಗಿ ನೋಡಿದರು.

"ಪಾಸಾಯಿತು ಅಂತ ಉಪ್ಪಿನಕಾಯಿ ಕೇಳಬೇಡಿ ಮತ್ತೆ" ಅಂದಳು ನನ್ನಾಕೆ.

ಕೇಳಿದೆ. ಹೊಳೆನರಸೀಪುರ ಬರುವಷ್ಟರಲ್ಲಿ ಒಪ್ಪಂದವಾಯಿತು. ಹಬ್ಬದ ದಿನ ಒಂದು ಸಣ್ಣ ಹೋಳು, ಎಲ್ಲರೆದುರಿಗೆ, ತಟ್ಟೆಯಲ್ಲಿ. ಪುಟ್ಟಿ ಅದನ್ನೂ 'ವಿಶೇಷ' ಕಾಲಂನಲ್ಲಿ ಬರೆಯುತ್ತಾಳಂತೆ.